ಹಗಲಲ್ಲಿ ಕಥೆ ಹೇಳಿದವಳು

ಪಂಚನಹಳ್ಳಿಯ ಅನಿತಾಳ ಹಟದ ಬಗ್ಗೆ ಹೇಳಬೇಕೆಂದರೆ ಅವಳ ಶಾಲೆಯಿಂದಲೇ ಶುರು ಮಾಡಬೇಕು. ಅಜ್ಜಂಪುರದ ಪಕ್ಕದ ಹಳ್ಳಿಯೊಂದರಲ್ಲಿ ಓದುತ್ತಿದ್ದಾಗ, ಗಣಿತದ ಪಾಠದ ನಡುವೆ ಕಥೆಪುಸ್ತಕ ತೆರೆದಿಟ್ಟುಕೊಂಡಿದ್ದಾಳೆಂದು ಮೇಷ್ಟ್ರು ಪುಸ್ತಕ ಕಿತ್ತುಕೊಂಡು ಅವಳನ್ನು ಹೊರಗೆ ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಾ ಎಂದರು. ಪುಸ್ತಕ ಕೊಟ್ಟರೆ ಬರುತ್ತೇನೆ ಎಂದಳು. ಗಂಟೆ ಹೊಡೆಯಿತು, ಮಕ್ಕಳೆಲ್ಲ ಮನೆಗೆ ಓಡಿದರು, ಜವಾನ ಬೀಗ ಹಿಡಿದುಕೊಂಡು ಬಂದ. ಇವಳು ಮಾತ್ರ ಅಲ್ಲೇ ಕಂಬದ ಹಾಗೆ ನಿಂತಿದ್ದಳು. ಕೊನೆಗೆ ಮೇಷ್ಟ್ರೇ ಪುಸ್ತಕವನ್ನು ಅವಳ ಕೈಗಿಟ್ಟು, ‘ಹೋಗಮ್ಮ ತಾಯಿ, ನಿನ್ನ ಜೊತೆ ನನ್ನ ಕೈಲಾಗಲ್ಲ’ ಎಂದು ಕೈಮುಗಿದರು.

ಆ ಹುಡುಗಿಗೆ ಈಗ ನಲವತ್ತು ದಾಟಿದೆ. ಪಿಯುಸಿ ಮುಗಿಸಿದ ಕೂಡಲೇ ಪಂಚನಹಳ್ಳಿಯ ವಿಜಯ್‌ಗೆ ಮದುವೆ ಮಾಡಿ ಕೊಟ್ಟರು. ವಿಜಯ್ ಊರಿನ ತೆಂಗಿನಕಾಯಿ ವ್ಯಾಪಾರಿ ಕಾಂತರಾಜ್‌ ಅವರ ಕ್ಯಾಂಟರ್ ಓಡಿಸುತ್ತಾನೆ. ಕಾಯಿ ತುಂಬಿಕೊಂಡು ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ ಎಂದು ತಿರುಗುವುದೇ ಅವನ ಕೆಲಸ. ಒಳ್ಳೆಯವನೇ. ಇಸ್ಪೀಟ್ ಎಲೆ ಕಂಡರೆ ಮಾತ್ರ ಅವನಿಗೆ ಹೊತ್ತು ಮುಳುಗಿದ್ದು ಗೊತ್ತಾಗುತ್ತಿರಲಿಲ್ಲ. ಹೋದ ದೀಪಾವಳಿಯಲ್ಲಿ ಅವನ ತಾಯಿ ಯಲ್ಲಮ್ಮ ಅನ್ನನೀರು ಬಿಟ್ಟು ಕೂತು, ಮಗನಿಂದ ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡ ಮೇಲೆ ಅದೂ ನಿಂತಿತ್ತು.

ಅನಿತಾ ಮನೆಗೆಲಸ ಮುಗಿಸಿ, ಬೀದಿಯ ಹೆಂಗಸರ ಜೊತೆ ಜಗಲಿಯ ಮೇಲೆ ತೆಂಗಿನ ಗರಿ ಹರವಿಕೊಂಡು ಕೂರುತ್ತಾಳೆ. ಗರಿಯಿಂದ ಕಡ್ಡಿ ಹೆರೆದು ಪೊರಕೆ ಕಟ್ಟುವ ಕೆಲಸ. ಕೈಗೆ ಕೆಲಸವಿದ್ದರೂ ಬುದ್ಧಿಗೆ ಬಿಡುವಿರುವಂಥ ಕೆಲಸ ಅದು, ಹಾಗಾಗಿ ಅವಳಿಗೆ ಅದು ಇಷ್ಟ.

ಯುಗಾದಿ ಕಳೆದ ಮೇಲೆ ಅವಳ ಫೋನಿಗೆ ಒಂದು ಸಂದೇಶ ಬಂತು. ಕಡೂರು, ತರೀಕೆರೆ, ಅಜ್ಜಂಪುರದ ಓದುಗರು ಸೇರಿ ಮಾಡಿಕೊಂಡ ಬಳಗವೊಂದು ಓದಿನ ಸವಾಲು ಹಾಕಿತ್ತು. ಈ ವರ್ಷದ ವಿಷಯ ಜಾನಪದ ಮತ್ತು ಅದ್ಭುತ ಕಥೆಗಳು. ರಾಕ್ಷಸನಿರುವ ಒಂದು ಪುಸ್ತಕ ಓದಬೇಕು, ಪ್ರಾಣಿಗಳು ಮಾತಾಡುವ ಒಂದು ಪುಸ್ತಕ, ಬೇರೆ ದೇಶದ ಜಾನಪದ ಒಂದು, ಈಗಿನವರು ಹೊಸದಾಗಿ ಕಟ್ಟಿದ ಮಾಯಾಲೋಕದ ಕಾದಂಬರಿ ಒಂದು, ಹೀಗೆ. ದಸರಾ ಮುಗಿದ ಮೇಲೆ ಒಂದು ಭಾನುವಾರ ತರೀಕೆರೆಯಲ್ಲಿ ಎಲ್ಲರೂ ಸೇರಿ, ಓದಿದ್ದರ ಬಲದ ಮೇಲೆ ತಾವೇ ಕಟ್ಟಿದ ಒಂದು ಕಥೆಯನ್ನು ಸಭೆಯ ಮುಂದೆ ಹೇಳಬೇಕು. ಹೇಳಿದವರಷ್ಟೇ ಸವಾಲು ಗೆದ್ದ ಹಾಗೆ. ಇದನ್ನು ನಡೆಸುತ್ತಿದ್ದವರು ಕಡೂರಿನ ಕಾಲೇಜಿನಲ್ಲಿ ಪಾಠ ಮಾಡುವ ಸ್ಫೂರ್ತಿ ಎಂಬ ಹೆಣ್ಣುಮಗಳು. ಪುಸ್ತಕ ಸಿಗದವರಿಗೆ ಅವರೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಟ್ಟು ಕಳಿಸುತ್ತಿದ್ದರು.

ಅನಿತಾ ಹಿಂದೆಮುಂದೆ ನೋಡದೆ ಹೆಸರು ಕೊಟ್ಟಳು. ಇಷ್ಟು ವರ್ಷ ಅವಳ ಹೆಸರು ರೇಷನ್ ಕಾರ್ಡಿನಲ್ಲಿ, ವೋಟರ್ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಇದೊಂದು ಕಡೆ ಅದು ತನ್ನ ಇಷ್ಟದಿಂದ ಬಿದ್ದಿದೆ ಎಂದು ಅವಳಿಗೆ ಖುಷಿಯಾಯಿತು.

ತೊಡಕಿದ್ದದ್ದು ಅತ್ತೆಯ ಹತ್ತಿರ. ಹಾಗೆಂದು ಯಲ್ಲಮ್ಮನಿಗೆ ಕಥೆಯ ಮೇಲೆ ದ್ವೇಷವಿತ್ತು ಎಂದುಕೊಳ್ಳಬೇಡಿ. ದೀಪ ಹಚ್ಚಿದ ಮೇಲೆ ಅವಳಷ್ಟು ಚೆನ್ನಾಗಿ ಕಥೆ ಹೇಳುವವರು ಆ ಬೀದಿಯಲ್ಲಿ ಇರಲಿಲ್ಲ, ಅವಳಷ್ಟು ಚೆನ್ನಾಗಿ ಹೂಂಗುಟ್ಟುವವರಂತೂ ಇರಲೇ ಇಲ್ಲ. ಹೂಂಗುಟ್ಟುವುದೆಂದರೆ ಅವಳ ಪಾಲಿಗೆ ದೇವರ ಕೆಲಸ. ಹೇಳುವವರ ಒಂದೊಂದು ಮಾತಿಗೂ ಕೇಳುವವರು ‘ಹ್ಞೂಂ’ ಅನ್ನಬೇಕು. ಹ್ಞೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಕಥೆಗೆ ಅವಮಾನ. ಅನಿತಾ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ತೂಕಡಿಸಿ ಹೂಂಗುಟ್ಟದೆ ಕೂತಿದ್ದಕ್ಕೆ, ರಾಜಕುಮಾರಿಯನ್ನು ಬಾವಿಯಲ್ಲೇ ಬಿಟ್ಟು ಎದ್ದುಹೋದವಳು ಯಲ್ಲಮ್ಮ. ಆ ರಾಜಕುಮಾರಿ ಇವತ್ತಿಗೂ ಬಾವಿಯಿಂದ ಮೇಲೆ ಬಂದಿಲ್ಲ.

ಆದರೆ ಹಗಲಲ್ಲಿ ಕಥೆ ಕೂಡದು. ಹಗಲಲ್ಲಿ ಕಥೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ ಎಂಬುದು ಯಲ್ಲಮ್ಮನ ನಂಬಿಕೆ, ಅವಳ ಅತ್ತೆಯ ನಂಬಿಕೆ, ಆ ಬೀದಿಯ ಹಳಬರೆಲ್ಲರ ನಂಬಿಕೆ. ಮನೆಯ ಗಂಡಸು ದಿನಾ ದಾರಿಯ ಮೇಲೇ ಇರುವವನಾದರೆ ಕೇಳಬೇಕೆ? ಸೊಸೆ ಪುಸ್ತಕ ಹಿಡಿದು ಕೂತದ್ದನ್ನು ನೋಡಿದ ಮೊದಲ ದಿನವೇ ಯಲ್ಲಮ್ಮ ಕಟ್ಟಳೆ ಹಾಕಿದಳು.

‘ಕಣ್ಣಲ್ಲಿ ಓದ್ಕೋ, ಬ್ಯಾಡ ಅನ್ನಕಿಲ್ಲ. ಬಾಯಿಂದ ಮಾತ್ರ ಒಂದಕ್ಷರ ಆಚಿಕೆ ಬರಕೂಡದು. ವಿಜಿ ಗಾಡಿ ಮೇಲೆ ಅವ್ನೆ.’

ಅನಿತಾ ಒಪ್ಪಿದಳು. ಅವಳಿಗೆ ಓದುವಾಗ ತುಟಿ ಅಲ್ಲಾಡಿಸುವ ಅಭ್ಯಾಸ. ಯಲ್ಲಮ್ಮ ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂತು ಸೊಸೆಯ ತುಟಿಯನ್ನೇ ಕಾಯುತ್ತಿದ್ದಳು. ತುಟಿ ಸ್ವಲ್ಪ ಹೆಚ್ಚು ಅಲ್ಲಾಡಿದರೆ ‘ಉಶ್’ ಎನ್ನುತ್ತಿದ್ದಳು. ಅತ್ತೆಯ ಆ ಪಹರೆಯಲ್ಲಿ ಅನಿತಾ ಮಳೆಗಾಲ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಪುಸ್ತಕಗಳನ್ನೂ ಮುಗಿಸಿದ್ದಳು.

ಎಡವಟ್ಟಾದದ್ದು ರಾಕ್ಷಸನ ಪುಸ್ತಕದಿಂದ. ಅವತ್ತು ಯಲ್ಲಮ್ಮ ರೇಷನ್ ಅಂಗಡಿಗೆ ಹೋಗಿದ್ದಳು. ಜಗಲಿಯ ಮೇಲೆ ಕಡ್ಡಿ ಹೆರೆಯುತ್ತಿದ್ದ ಕಾಂತಮ್ಮ, ಪಕ್ಕದಲ್ಲಿ ಬಿದ್ದಿದ್ದ ಪುಸ್ತಕವನ್ನು ಕಣ್ಣಲ್ಲೇ ತೋರಿಸಿ ಕೇಳಿದಳು.

‘ಅದೇನೇ ಅನಿತಾ, ಓದ್ಕಂಡು ಒಬ್ಳೇ ನಗ್ತಿರ್ತೀಯ. ನಮಗೂ ಒಸಿ ಹೇಳಬಾರ್ದಾ?’

‘ಹಗಲೊತ್ತು ಕಣೇ ಕಾಂತಮ್ಮ. ನಮ್ಮತ್ತೆ ಬಂದ್ರೆ ಬಿಡ್ತಾರಾ?’

‘ರೇಷನ್ ಅಂಗಡಿ ಕ್ಯೂ ನಿಂಗೊತ್ತಿಲ್ವಾ? ಸಂಜಿಗಂಟ ಬರಲ್ಲ ಬಿಡು.’

ಅನಿತಾಳ ಬಾಯಿ ಎಷ್ಟು ದಿನ ಸುಮ್ಮನಿದ್ದೀತು? ಓದಿದ್ದನ್ನು ಇನ್ನೊಬ್ಬರಿಗೆ ಹೇಳದೆ ಇಟ್ಟುಕೊಂಡು ಅವಳ ಹೊಟ್ಟೆ ಉಬ್ಬಿಹೋಗಿತ್ತು. ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು. ಹಾಳು ಬಾವಿಯಲ್ಲಿರುವ ರಾಕ್ಷಸ ಜನರ ಹೆಸರುಗಳನ್ನು ತಿಂದು ಬದುಕುತ್ತಾನೆ. ನೀರಿಗೆ ಬಂದವರು ಹೆಸರು ಹೇಳಿದರೆ ಮುಗಿಯಿತು, ಮನೆಗೆ ಹೋದರೆ ಅವರ ತಾಯಿಗೇ ಅವರ ಗುರುತು ಸಿಗುವುದಿಲ್ಲ. ಒಬ್ಬ ಹುಡುಗಿ ಮಾತ್ರ ದಿನಾ ಬಂದು, ತನ್ನ ಹೆಸರಿಗೆ ಬದಲಾಗಿ ಹೊಲದ ಕಳೆಗಳ ಹೆಸರನ್ನೆಲ್ಲ ಅವನಿಗೆ ತಿನ್ನಿಸುತ್ತಾಳೆ. ಕಳೆ ತಿಂದು ತಿಂದು ರಾಕ್ಷಸನಿಗೆ ತನ್ನ ಹೆಸರೇ ಮರೆತುಹೋಗುತ್ತದೆ. ನನಗೊಂದು ಹೆಸರು ಕೊಡು ತಾಯಿ ಎಂದು ಅವನೇ ಕೈಯೊಡ್ಡುತ್ತಾನೆ. ಹುಡುಗಿ ಅವನಿಗೆ ಗರಿಕೆ ಎಂದು ಹೆಸರಿಟ್ಟು, ದನಗಳು ಬಂದಾಗ ಹುಷಾರಾಗಿರು ಎಂದು ಹೇಳಿ ಹೋಗುತ್ತಾಳೆ. ಹೆಂಗಸರು ಕಡ್ಡಿ ಕೆಳಗೆ ಹಾಕಿ ನಕ್ಕರು.

ನಗು ಇನ್ನೂ ನಿಂತಿರಲಿಲ್ಲ, ಗೋಡೆಯ ಮರೆಯಿಂದ ಯಲ್ಲಮ್ಮ ಬಂದಳು. ಅಕ್ಕಿ ಚೀಲವನ್ನು ಜಗಲಿಯ ಮೇಲೆ ಕುಕ್ಕಿದಳು.

‘ಆ ಹುಡುಗಿ ರಾಕ್ಷಸಂಗೆ ಗರಿಕೆ ಅಂತ ಹೆಸರಿಟ್ಟು ಬುದ್ಧಿ ಕಲಿಸಿದ್ಲಲ್ಲ, ನಿಂಗೆ ಬುದ್ಧಿ ಕಲಿಸೋರು ಯಾರೇ? ನನ್ ಮಗ ರೋಡಲ್ಲವ್ನೆ ಅನ್ನೋ ಗ್ಯಾನ ಬ್ಯಾಡ್ವಾ?’

ಬೈಗುಳ ತಿನ್ನುತ್ತಲೇ ಅನಿತಾಳಿಗೆ ಒಂದು ವಿಷಯ ಹೊಳೆಯಿತು. ಗರಿಕೆ ಬರುವುದು ಕಥೆಯ ಕೊನೆಯಲ್ಲಿ. ಅಂದರೆ ಅತ್ತೆ ಗೋಡೆಯ ಹಿಂದೆ ನಿಂತು ಕಥೆ ಪೂರ್ತಿ ಕೇಳಿ, ಮುಗಿದ ಮೇಲೆ ಬೈಯಲು ಬಂದಿದ್ದಾರೆ. ನಗು ಬಂತು, ನುಂಗಿಕೊಂಡಳು.

ಆದರೆ ಅವತ್ತು ಸಂಜೆ ವಿಜಯ್ ಮನೆಗೆ ಬರಲಿಲ್ಲ. ತರೀಕೆರೆಯಲ್ಲಿ ಕಾಯಿ ಇಳಿಸಿ ಹೊತ್ತು ಮುಳುಗುವುದರೊಳಗೆ ಬರಬೇಕಾದವನು. ಫೋನ್ ಮಾಡಿದರೆ ಸ್ವಿಚ್ ಆಫ್. ಯಲ್ಲಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಸೊಸೆಯ ಮುಖ ನೋಡದೆ ಕೂತಳು. ಅನಿತಾಳ ನಗು ಎಲ್ಲೋ ಇಳಿದುಹೋಯಿತು.

ಮಾರನೆಯ ದಿನ ಊಟದ ಹೊತ್ತಿಗೆ ವಿಜಯ್ ಬಂದ. ಮುಖ ಬಾಡಿತ್ತು. ಅವನು ಚಪ್ಪಲಿ ಬಿಡುವುದಕ್ಕೂ ಬಿಡದೆ ಯಲ್ಲಮ್ಮ ಕೇಳಿದಳು.

‘ಎಲ್ಲಿಗೆ ಹೋಗಿದ್ಯಪ್ಪಾ? ದಾರಿ ತಪ್ತಾ? ಇವಳು ನಿನ್ನೆ ಮಟಮಟ ಮಧ್ಯಾಹ್ನದಲ್ಲಿ ರಾಕ್ಷಸನ ಕಥೆ ಓದ್ಬಿಟ್ಲು ಕಣೋ. ದಾರಿ ತಪ್ತಾ ಮಗಾ?’

ವಿಜಯ್ ಒಂದು ಗಳಿಗೆ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, ‘ಹೂಂ ಕಣವ್ವ. ಅಜ್ಜಂಪುರ ದಾಟಿದ ಮೇಲೆ ಏನಾಯ್ತೋ ಏನೋ. ಸುತ್ತಿದ್ದೇ ಸುತ್ತಿದ್ದು, ದಾರೀನೇ ಸಿಗ್ಲಿಲ್ಲ. ಕತ್ಲಾಗೋಯ್ತು, ತರೀಕೆರೇಲಿ ಅಂಗಡಿ ಬಾಗ್ಲು ಹಾಕ್ಬಿಟ್ಟಿದ್ರು. ಗಾಡೀಲೆ ಮಲಗಿದ್ದು ಬೆಳಿಗ್ಗೆ ಇಳಿಸಿ ಬಂದೆ’ ಎಂದ.

ಮದುವೆಗೆ ಮುಂಚಿನಿಂದ ಅದೇ ರಸ್ತೆಯಲ್ಲಿ ಗಾಡಿ ಓಡಿಸುವವನು, ಹಳ್ಳ ಎಲ್ಲಿದೆ ಹಂಪ್ ಎಲ್ಲಿದೆ ಎಂದು ನಿದ್ದೆಗಣ್ಣಲ್ಲಿ ಹೇಳುವವನು, ಅಜ್ಜಂಪುರದಲ್ಲಿ ದಾರಿ ತಪ್ಪಿದನಂತೆ. ಇದನ್ನು ಬೇರೆ ಯಾವ ಮನೆಯಲ್ಲಿ ಹೇಳಿದ್ದರೂ ಜನ ನಗುತ್ತಿದ್ದರು. ಯಲ್ಲಮ್ಮನ ಮನೆಯಲ್ಲಿ ಅದು ರುಜುವಾತಾಯಿತು.

ಅಂದಿನಿಂದ ಅನಿತಾಳ ಪುಸ್ತಕದ ಚೀಲ ಅಟ್ಟ ಸೇರಿತು. ಬೀದಿಯಲ್ಲಿ ಸುದ್ದಿ ಹಬ್ಬಿ, ಊರಿನಲ್ಲಿ ಏನು ದಾರಿ ತಪ್ಪಿದರೂ ಅದು ಅವಳ ಲೆಕ್ಕಕ್ಕೇ ಬರತೊಡಗಿತು. ಹಾಲೇಶನ ಮೇಕೆ ಸಂಜೆ ಕೊಟ್ಟಿಗೆಗೆ ಬರಲಿಲ್ಲ, ಅನಿತಾ ಕಥೆ ಓದಿರಬೇಕು. ಯಾರದೋ ಪಾರ್ಸೆಲ್ ಬೇರೆ ಊರಿಗೆ ಹೋಯಿತು, ಅದೂ ಅವಳಿಂದಲೇ. ಎದುರು ಮನೆಯ ಹನುಮಂತಮ್ಮ ತನ್ನ ಮಗ ಬೈಕಿನಲ್ಲಿ ಕಡೂರಿಗೆ ಹೊರಟಾಗಲೆಲ್ಲ ಬಂದು, ‘ಇವತ್ತೊಂದಿನ ಬಾಯಿ ಮುಚ್ಕೊಂಡಿರವ್ವ, ನಿನ್ ಕಾಲಿಗೆ ಬೀಳ್ತೀನಿ’ ಎಂದು ಹೇಳಿಹೋಗುತ್ತಿದ್ದಳು. ಅವತ್ತು ನಕ್ಕಿದ್ದ ಹೆಂಗಸರು ಈಗ ಗರಿಯನ್ನು ತಮ್ಮತಮ್ಮ ಮನೆಗೆ ಎಳೆದುಕೊಂಡು ಹೋದರು. ಜಗಲಿಯ ಮೇಲೆ ಅನಿತಾ ಒಬ್ಬಳೇ ಕೂತು ಕಡ್ಡಿ ಹೆರೆದಳು.

ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅವಳೂ ನಂಬಿಬಿಟ್ಟಿದ್ದಳು. ಪಿಯುಸಿ ಓದಿದವಳು, ಇಂಥದ್ದಕ್ಕೆಲ್ಲ ನಗುವವಳು, ಗಂಡನ ಕ್ಯಾಂಟರ್ ತಿರುವಿನಲ್ಲಿ ಕಾಣುವವರೆಗೂ ಒಳಗೊಳಗೇ ಹೆದರಿಕೊಂಡಿರುತ್ತಿದ್ದಳು. ಒಂದು ವೇಳೆ ನಿಜವಾಗಿದ್ದರೆ? ತನ್ನ ಬಾಯಿಂದ ಅವನಿಗೆ ಏನಾದರೂ ಆದರೆ? ಸ್ಫೂರ್ತಿಯವರು ‘ನಿಮ್ಮ ಕಥೆ ಎಲ್ಲಿಗೆ ಬಂತು?’ ಎಂದು ಕೇಳಿದ್ದಕ್ಕೆ ಉತ್ತರ ಬರೆಯಲೂ ಕೈ ಬರಲಿಲ್ಲ. ಸವಾಲಿನಿಂದ ಹೆಸರು ತೆಗೆಸುವುದೇ ಒಳ್ಳೆಯದೆಂದು ತೀರ್ಮಾನ ಮಾಡಿಕೊಂಡಳು.

ಹಾಗೆ ತೀರ್ಮಾನ ಮಾಡಿದ ಮಾರನೆಯ ದಿನ ಪೊರಕೆಯ ಹೊರೆ ಹಾಕಲು ಕಾಂತರಾಜ್ ಅವರ ಮಂಡಿಗೆ ಹೋಗಿದ್ದಳು. ಕಾಂತರಾಜ್ ವಿಭೂತಿ ಹಚ್ಚಿಕೊಂಡು, ಫೋನು ಹಿಡಿದು ಕುರ್ಚಿಯಲ್ಲಿ ಕೂತಿದ್ದರು.

‘ಅನಿತಮ್ಮ, ನಿನ್ ಗಂಡಂಗೆ ಸ್ವಲ್ಪ ಹೇಳಮ್ಮ. ಪಂಕ್ಚರ್ ಹಾಕ್ಸಕ್ಕೆ ಇಡೀ ದಿನ ಬೇಕಾ? ತರೀಕೆರೆ ಲೋಡು ಹೋದವತ್ತು ಗಾಡಿ ಬುಕ್ಕಾಂಬುಧಿ ಕೆರೆ ಏರಿ ಹತ್ರ ನಿಂತಿದ್ದು ನಿಂತೇ ಇತ್ತು. ಗಿರಾಕಿ ನನಗೆ ಬಾಯಿಗೆ ಬಂದಂಗೆ ಅಂದ.’

ಅನಿತಾಳಿಗೆ ಅರ್ಥವಾಗಲಿಲ್ಲ. ‘ಪಂಕ್ಚರ್ರಾ ಅಣ್ಣಾ? ದಾರಿ ತಪ್ತು ಅಂದ್ರು ನಮ್ಮನೇಲಿ.’

‘ದಾರಿ ತಪ್ಪೋದಾ? ವಿಜಯ್ಯಾ?’ ಕಾಂತರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಫೋನು ಅವಳ ಕಡೆ ತಿರುಗಿಸಿದರು. ‘ಗಾಡಿಗೆ ಜಿಪಿಎಸ್ ಹಾಕ್ಸಿದೀನಿ. ಎಲ್ಲೋದ್ರೂ ಇದ್ರಲ್ಲಿ ಕಾಣುತ್ತೆ. ನೋಡಿಲ್ಲಿ, ಪಂಚನಹಳ್ಳಿಯಿಂದ ಹೊರಟಿದ್ದು ನೆಟ್ಟಗೆ ಕೆರೆ ಏರಿಗೇ ಹೋಗಿದೆ. ಎಲ್ಲೂ ಒಂದು ಸುತ್ತೂ ಸುತ್ತಿಲ್ಲ.’

ಪರದೆಯ ಮೇಲೆ ನೀಲಿ ಗೆರೆಯೊಂದು ನೂಲು ಹಿಡಿದ ಹಾಗೆ ಹೋಗಿ, ಕೆರೆಯ ಹತ್ತಿರ ಕೆಂಪು ಚುಕ್ಕೆಯಾಗಿ ನಿಂತಿತ್ತು. ಅನಿತಾ ಅದನ್ನೇ ನೋಡಿದಳು. ಮೊದಲು ಹಾಯೆನಿಸಿತು, ತನ್ನ ಬಾಯಿಂದ ಯಾರಿಗೂ ಏನೂ ಆಗಿಲ್ಲ ಎಂದು. ಆಮೇಲೆ ಸಿಟ್ಟು ಬಂತು. ಪೊರಕೆಯ ಹೊರೆಯನ್ನು ಎಣಿಸದೆ ಅಲ್ಲೇ ಬಿಟ್ಟು ಮನೆಗೆ ನಡೆದಳು.

ವಿಜಯ್ ಬೋರ್‌ವೆಲ್ ಹತ್ತಿರ ಕ್ಯಾಂಟರ್ ತೊಳೆಯುತ್ತಿದ್ದ. ಅನಿತಾ ಅವನ ಕೈಯಿಂದ ಪೈಪು ತೆಗೆದುಕೊಂಡು ಕೆಳಗೆ ಹಾಕಿದಳು.

‘ಬುಕ್ಕಾಂಬುಧಿ ಕೆರೆ ಏರಿ ಮೇಲೆ ಎಂಥಾ ದಾರಿ ಹುಡುಕ್ತಿದ್ರಿ?’

ಅವನ ಮುಖದ ಬಣ್ಣವೇ ಹೇಳಿತು. ಹಳೆಯ ಗೆಳೆಯರು ಸಿಕ್ಕರಂತೆ. ಒಂದೇ ಆಟ ಅಂದರಂತೆ. ಫೋನನ್ನು ಅವನೇ ಆಫ್ ಮಾಡಿದ್ದನಂತೆ. ಕತ್ತಲಾದದ್ದು ಎಲೆಗಳ ಬಣ್ಣ ಕಾಣದೇ ಹೋದಾಗ ಗೊತ್ತಾಯಿತಂತೆ.

‘ಮನೆಗೆ ಬಂದು ಏನ್ ಹೇಳೋದು ಅಂತಾನೇ ಗೊತ್ತಿರ್ಲಿಲ್ಲ ಕಣೇ. ಅವ್ವನೇ ದಾರಿ ತಪ್ತಾ ಅಂದ್ಲು. ಬಾಯಿಗೆ ಬಂತು, ಹೂಂ ಅಂದ್ಬಿಟ್ಟೆ. ಇಷ್ಟು ದೊಡ್ಡದಾಗುತ್ತೆ ಅಂತ ನಂಗೇನ್ ಗೊತ್ತು?’

‘ದೊಡ್ಡದಾಗಿದ್ದು ಕಾಣ್ಲಿಲ್ವಾ? ಹಾಲೇಶನ ಮೇಕೆ ಲೆಕ್ಕಾನೂ ನನ್ ತಲೆ ಮೇಲೆ ಬಂದಾಗ ನೀವು ಅಲ್ಲೇ ಕೂತು ಮುದ್ದೆ ಉಣ್ತಿದ್ರಿ.’

‘ಅವ್ವನ ತಲೆ ಮುಟ್ಟಿ ಆಣೆ ಮಾಡೀನಿ. ಗೊತ್ತಾದ್ರೆ ಸತ್ತೇ ಹೋಗ್ತಾಳೆ ಅವ್ಳು. ನೀನು ಹೇಳ್ಬ್ಯಾಡ, ದಮ್ಮಯ್ಯ.’

‘ನಾನ್ ಹೇಳಲ್ಲ. ನೀವೇ ಹೇಳಿ. ತರೀಕೆರೆ ಭಾನುವಾರದೊಳಗೆ ಹೇಳಿ. ಹೇಳಿದ್ರೆ ನಂದೇನೂ ಇಲ್ಲ.’

ಅವನು ಹೂಂ ಎಂದ. ಹೇಳಲಿಲ್ಲ. ಇವತ್ತು ಅವ್ವನಿಗೆ ತಲೆನೋವು, ಇವತ್ತು ಸೋಮವಾರ, ಇವತ್ತು ಅಮಾವಾಸ್ಯೆ ಎಂದು ದಿನ ದೂಡಿದ.

ಅನಿತಾ ದಿನ ದೂಡಲಿಲ್ಲ. ಅಟ್ಟದಿಂದ ಚೀಲ ಇಳಿಸಿದಳು. ನೆತ್ತಿಯ ಮೇಲೆ ಸೂರ್ಯನಿದ್ದಾಗ, ಬೀದಿಗೆಲ್ಲ ಕಾಣುವ ಹಾಗೆ ಜಗಲಿಯ ನಡುಮಧ್ಯೆ ಕೂತು, ಉಳಿದಿದ್ದ ಕೊನೆಯ ಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದಳು. ಕೇಳುವವರು ಯಾರೂ ಇರಲಿಲ್ಲ. ಹನುಮಂತಮ್ಮ ಬಾಗಿಲು ಹಾಕಿಕೊಂಡಳು. ಯಲ್ಲಮ್ಮ ಒಳಗಿನಿಂದ ಓಡಿಬಂದಳು.

‘ಏನೇ ಇದು? ಬಂದಿರೋದು ಸಾಲದಾ?’

‘ತರೀಕೆರೇಲಿ ಭಾನುವಾರ ನಾನು ಕಥೆ ಹೇಳ್ತೀನಿ ಅತ್ತೆ. ಬೆಳಕಲ್ಲೇ ಹೇಳ್ತೀನಿ, ಜನದ ಮುಂದೆ ಹೇಳ್ತೀನಿ. ನೀವು ಬ್ಯಾಡ ಅಂದ್ರೂ ಹೋಗ್ತೀನಿ.’

ಮದುವೆಯಾದಾಗಿನಿಂದ ಅನಿತಾ ಅತ್ತೆಗೆ ಇಂಥ ಮಾತು ಆಡಿದವಳಲ್ಲ. ಯಲ್ಲಮ್ಮ ಬಾಗಿಲ ಹೊಸ್ತಿಲ ಮೇಲೆ ಕೂತಳು. ಬೈಯಲಿಲ್ಲ. ಬಹಳ ಹೊತ್ತು ಯೋಚಿಸಿ, ತನ್ನ ನಂಬಿಕೆಗೂ ಧಕ್ಕೆಯಾಗದ, ಸೊಸೆಯ ಹಟಕ್ಕೂ ದಾರಿಯಾಗುವ ಒಂದು ಉಪಾಯ ಹುಡುಕಿದಳು.

‘ಹಂಗಾರೆ ಒಂದ್ ಮಾತು. ವಿಜಿ ನಿನ್ ಕಣ್ಮುಂದೆ ಕೂತಿರ್ಬೇಕು. ಕೂತಿರೋನು ದಾರಿ ಹೆಂಗೆ ತಪ್ತಾನೆ? ನಾನೂ ಬತ್ತೀನಿ. ಅವನು ಎದ್ದು ಓಡಾಡದಂಗೆ ನೋಡ್ಕೊತೀನಿ.’

‘ಸರಿ ಅತ್ತೆ’ ಎಂದಳು ಅನಿತಾ. ಇಷ್ಟು ಬೇಗ ಒಪ್ಪಿದ್ದು ಯಾಕೆಂದು ಯಲ್ಲಮ್ಮನಿಗೆ ಹೊಳೆಯಲಿಲ್ಲ. ಒಳಗೆ ಊಟಕ್ಕೆ ಕೂತಿದ್ದ ವಿಜಯ್‌ಗೆ ಮಾತ್ರ ಹೊಳೆಯಿತು, ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ.

ಆ ಭಾನುವಾರ ತರೀಕೆರೆಗೆ ಕಾಯಿಯ ಲೋಡು ಇತ್ತು. ಮೂವರೂ ಕ್ಯಾಂಟರ್‌ನಲ್ಲೇ ಹೋದರು. ಕಾಯಿ ಇಳಿಸಿ, ಮುಖ ತೊಳೆದುಕೊಂಡು ಸಭೆ ನಡೆಯುವ ಕಟ್ಟಡಕ್ಕೆ ಬಂದಾಗ ಜನ ಆಗಲೇ ಸೇರಿದ್ದರು. ಕೆಮ್ಮಣ್ಣುಗುಂಡಿಯ ಹೋಟೆಲೊಂದರಲ್ಲಿ ಕೆಲಸ ಮಾಡುವ ಒಬ್ಬರು ಮೋಡದೊಳಗೆ ಮನೆ ಕಟ್ಟಿದವನ ಕಥೆ ಹೇಳಿದರು. ಅಜ್ಜಂಪುರದ ನಿವೃತ್ತ ಮೇಷ್ಟ್ರೊಬ್ಬರು ಕಥೆ ಬಿಟ್ಟು ಪೀಠಿಕೆಯನ್ನೇ ಹೇಳಿ ಕೂತರು. ಆಮೇಲೆ ಸ್ಫೂರ್ತಿ ಅನಿತಾಳ ಹೆಸರು ಕರೆದರು.

ಅವಳು ಎದ್ದು ಮೈಕಿನ ಮುಂದೆ ನಿಂತಳು. ಮುಂದಿನ ಸಾಲಿನಲ್ಲಿ ಯಲ್ಲಮ್ಮ, ಅವಳ ಪಕ್ಕದಲ್ಲಿ ವಿಜಯ್. ಕಿಟಕಿಯಿಂದ ಹೊರಗೆ ರಸ್ತೆ ಕಾಣುತ್ತಿತ್ತು, ಬಸ್ಸು ಲಾರಿಗಳು ಎಂದಿನಂತೆ ತಮ್ಮ ದಾರಿಯಲ್ಲಿ ಹೋಗುತ್ತಿದ್ದವು.

‘ನಮ್ ಕಡೆ ಹೂಂಗುಟ್ಟೋರಿಲ್ದೆ ಕಥೆ ಹೇಳಲ್ಲ ಮೇಡಂ’ ಎಂದಳು ಅನಿತಾ. ‘ನಮ್ಮತ್ತೆ ಹೂಂಗುಟ್ತಾರೆ.’

ಸಭೆಯೆಲ್ಲ ಯಲ್ಲಮ್ಮನ ಕಡೆ ತಿರುಗಿತು. ಯಲ್ಲಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಕೇಳಿಕೊಂಡರೆ ಇಲ್ಲವೆನ್ನುವ ಕೆಲಸವಲ್ಲ ಅದು.

‘ಒಂದೂರು.’

‘ಹ್ಞೂಂ.’

‘ಆ ಊರಲ್ಲಿ ಬೆಳಕಿರೋಗಂಟ ಯಾರೂ ಕಥೆ ಹೇಳಂಗಿಲ್ಲ.’

‘ಹ್ಞೂಂ.’

‘ಒಬ್ಬ ಬಂಡಿಕಾರ ಇದ್ದ. ಅವನ ಹೆಂಡ್ತಿ ಬಾಯ್ಬಡುಕಿ. ಒಂದಿನ ಬಿಸ್ಲಲ್ಲಿ ಕೂತು ಕಥೆ ಹೇಳ್ಬಿಟ್ಲು.’

‘ಹ್ಞೂಂ’ ಎಂದಳು ಯಲ್ಲಮ್ಮ, ಈ ಸಲ ಸ್ವಲ್ಪ ಜೋರಾಗಿಯೇ. ಸಭೆ ನಕ್ಕಿತು.

‘ಅವತ್ತೇ ಬಂಡಿಕಾರ ಮನೆಗೆ ಬರ್ಲಿಲ್ಲ. ದಾರಿ ತಪ್ದೆ ಅಂದ. ಊರೋರೆಲ್ಲ ಸೇರಿ ಆ ಹೆಂಗಸಿನ ಬಾಯಿಗೆ ಬೀಗ ಹಾಕಿದ್ರು.’

‘ಹ್ಞೂಂ.’

‘ಆದ್ರೆ ಬಂಡಿ ಯಜಮಾನನ ಹತ್ರ ಒಂದು ಹಕ್ಕಿ ಇತ್ತು. ಬಂಡಿ ಎಲ್ಲೋದ್ರೂ ಅದು ನೆತ್ತಿ ಮೇಲೆ ಹಾರ್ತಿತ್ತು. ಹಕ್ಕಿ ಬಂದು ಆ ಹೆಂಗಸಿಗೆ ಹೇಳ್ತು. ಬಂಡಿ ದಾರಿ ತಪ್ಪಿಲ್ಲವ್ವ, ಕೆರೆ ಏರಿ ಮೇಲೆ ನಿಂತಿತ್ತು.’

‘ಹ್ಞೂಂ.’ ಯಲ್ಲಮ್ಮ ಮುಂದಕ್ಕೆ ಬಾಗಿದ್ದಳು. ಪಕ್ಕದಲ್ಲಿ ವಿಜಯ್ ಕುರ್ಚಿಯಲ್ಲಿ ಕೆಳಕೆಳಕ್ಕೆ ಜಾರುತ್ತಿದ್ದ.

‘ಏರಿ ಮೇಲೆ ಒಬ್ಬ ರಾಜ, ಒಬ್ಳು ರಾಣಿ, ಒಬ್ಬ ಗುಲಾಮ ಇದ್ರು. ಅಂಗೈಯಗಲದ ರಾಜ, ಅಂಗೈಯಗಲದ ರಾಣಿ. ಬಂಡಿಕಾರ ಅವರನ್ನ ಕೈಯಲ್ಲಿ ಹಿಡ್ಕೊಂಡು ಹೊತ್ತು ಮುಳುಗೋಗಂಟ ಕೂತ್ಬಿಟ್ಟ.’

ಹ್ಞೂಂ ಬರಲಿಲ್ಲ.

ಅನಿತಾ ನಿಲ್ಲಿಸಿದಳು.  ಯಲ್ಲಮ್ಮನ ಬಾಯಿ ಅರ್ಧ ತೆರೆದಿತ್ತು. ದೀಪಾವಳಿಯಲ್ಲಿ ತನ್ನ ತಲೆಯ ಮೇಲೆ ಬಿದ್ದಿದ್ದ ಮಗನ ಅಂಗೈ ಅವಳಿಗೆ ನೆನಪಾಗಿರಬೇಕು. ಕೈ ತಾನಾಗಿ ನೆತ್ತಿಯ ಹತ್ತಿರ ಹೋಯಿತು.

‘ಅನಿತಾ ಅವರೇ, ಮುಂದುವರಿಸಿ’ ಎಂದರು ಸ್ಫೂರ್ತಿ ಮೈಕಿನಲ್ಲಿ.

‘ಹೂಂಗುಟ್ಟೋರು ನಿಲ್ಸವ್ರೆ ಮೇಡಂ. ಅವರು ಹ್ಞೂಂ ಅಂದ್ರೇನೇ ಮುಂದಕ್ಕೆ.’

‘ಪರವಾಗಿಲ್ಲ, ನೀವು ಹೇಳಿ. ಇಲ್ಲ ಅಂದ್ರೆ ಕಥೆ ಪೂರ್ತಿಯಾಗಲ್ಲ, ಸವಾಲೂ ಮುಗಿಯಲ್ಲ.’

‘ಮುಗೀದಿದ್ರೆ ಬ್ಯಾಡ’ ಎಂದಳು ಅನಿತಾ. ಅವಳ ಕಾಲು ಅಲ್ಲಾಡಲಿಲ್ಲ. ಹಿಂದೆ ಶಾಲೆಯ ಹೊರಗೆ ನಿಂತ ಹಾಗೆಯೇ ನಿಂತಳು. ಬೀಗ ಹಾಕುವವರು ಬರಲಿ, ದೀಪ ಆರಿಸುವವರು ಬರಲಿ, ಅವಳು ಕೂರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಚಪ್ಪಾಳೆಯಲ್ಲ. ಎಲ್ಲರ ಮುಂದೆ ತನ್ನ ಬಾಯಿಗೆ ಬೀಗ ಹಾಕಿದ ಹೆಂಗಸು ಎಲ್ಲರ ಮುಂದೆಯೇ ಅದನ್ನು ತೆಗೆಯಬೇಕಿತ್ತು.

ಯಲ್ಲಮ್ಮ ನಿಧಾನವಾಗಿ ಪಕ್ಕಕ್ಕೆ ತಿರುಗಿ ಮಗನನ್ನು ನೋಡಿದಳು. ವಿಜಯ್ ತಾಯಿಯ ಕಣ್ಣಿಗೆ ಕಣ್ಣು ಕೊಡಲಿಲ್ಲ. ತನ್ನ ಅಂಗೈಯನ್ನು ತೊಡೆಯ ಕೆಳಗೆ ಮುಚ್ಚಿಟ್ಟುಕೊಂಡ. ಅದು ಸಾಕಾಯಿತು. ಮುದುಕಿಯ ಕಣ್ಣು ತುಂಬಿಬಂತು. ಸೆರಗಿನಿಂದ ಒರೆಸಿಕೊಂಡಳು, ಮೂಗು ಸೀಟಿಕೊಂಡಳು, ಮಗನಿಗೆ ಬೆನ್ನು ಕೊಟ್ಟು ಸೊಸೆಯ ಕಡೆಗೆ ಪೂರ್ತಿಯಾಗಿ ತಿರುಗಿ ಕೂತಳು.

‘ಹ್ಞೂಂ’ ಎಂದಳು. ‘ಮುಂದಕ್ ಹೇಳು. ಆ ಬೀಗ ಏನಾಯ್ತು?’

‘ಬೀಗ ಹಾಕಿದೋರೇ ತೆಗೆದ್ರು ಅತ್ತೆ’ ಎಂದಳು ಅನಿತಾ.  ‘ತೆಗೆದು ಕೆರೆಗೆ ಎಸೆದ್ರು. ಅವತ್ತಿಂದ ಆ ಊರಲ್ಲಿ ಯಾವೊತ್ತಾದ್ರೂ ಕಥೆ ಹೇಳ್ತಾರೆ.’

ಅದು ಅವರದೇ ಮನೆಯ ಕಥೆಯೆಂದು ಸಭೆಗೆ ಗೊತ್ತಾಗಲಿಲ್ಲ. ಜಿಪಿಎಸ್ಸನ್ನು ಹಕ್ಕಿ ಮಾಡಿದ್ದು, ಇಸ್ಪೀಟ್ ಎಲೆಯನ್ನು ರಾಜರಾಣಿ ಮಾಡಿದ್ದು ಚೆನ್ನಾಗಿದೆ ಎಂದು ಸ್ಫೂರ್ತಿ ಮೆಚ್ಚಿಕೊಂಡರು. ಚಪ್ಪಾಳೆ ಬಿತ್ತು, ಅನಿತಾಳಿಗೆ ಒಂದು ಪುಸ್ತಕವನ್ನು ಬಹುಮಾನ ಕೊಟ್ಟರು. ವಿಜಯ್ ಹೊರಗೆ ಬಂದವನೇ ತಾಯಿಯ ಮುಂದೆ ಬಾಯಿ ತೆರೆದ. ‘ಅವ್ವಾ, ನಾನು’ ಎನ್ನುವಷ್ಟರಲ್ಲಿ ಯಲ್ಲಮ್ಮ ಕೈಯೆತ್ತಿ ತಡೆದು, ‘ಇನ್ಯಾವ ಆಣೆಯೂ ಬ್ಯಾಡ. ಗಾಡಿ ತಗಿ’ ಎಂದಳು.

ತರೀಕೆರೆ ಬಿಟ್ಟಾಗ ಬಿಸಿಲು ಇನ್ನೂ ಚುರುಚುರು ಎನ್ನುತ್ತಿತ್ತು. ಯಲ್ಲಮ್ಮ ನಡುವೆ ಕೂತಿದ್ದಳು, ಅನಿತಾ ಕಿಟಕಿಯ ಪಕ್ಕ. ಗಾಡಿ ಬಹಳ ದೂರ ಬಂತು. ಆಮೇಲೆ ಯಲ್ಲಮ್ಮ ಸೊಸೆಯ ಮಡಿಲಲ್ಲಿದ್ದ ಹೊಸ ಪುಸ್ತಕವನ್ನು ಬೆರಳಿನಿಂದ ತಟ್ಟಿದಳು.

‘ಇದ್ರಾಗೆ ಏನೈತೆ, ಓದು.’

‘ಹಗಲು ಕಣತ್ತೆ. ಗಾಡಿ ರೋಡಲ್ಲೈತೆ.’

‘ಇರ್ಲಿ ಬಿಡು. ಇವನಿಗೆ ದಾರಿ ಚೆನ್ನಾಗೇ ಗೊತ್ತೈತೆ.’ ಯಲ್ಲಮ್ಮ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ‘ನಂಗೆ ಸಾಕಾಗೈತೆ, ನಾನು ಹೂಂಗುಟ್ಟಲ್ಲ. ಲೇ ವಿಜಿ, ನೀನು ಹೂಂಗುಟ್ಟು. ಊರು ಬರೋಗಂಟ ಒಂದ್ ಮಾತಿಗೂ ತಪ್ಪಕೂಡದು.’

ಅನಿತಾ ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು. ವಿಜಯ್ ಸ್ಟೇರಿಂಗ್ ಹಿಡಿದು, ಮುಂದೆ ನೋಡುತ್ತಾ, ಪಂಚನಹಳ್ಳಿಯವರೆಗೂ ಹೂಂಗುಟ್ಟಿದ. ಒಂದು ತಿರುವೂ ತಪ್ಪಲಿಲ್ಲ.